ಬಿರುಬೇಸಿಗೆಯಲ್ಲಿ ಮನೋರೋಗದ ಮಾತ್ರೆ: ಮನೆಯವರು ಗಮನಿಸಬೇಕಾದ್ದು

ಹವಾಮಾನ ಬದಲಾವಣೆ ಮನಸ್ಸಿಗೆ ಏನು ಮಾಡುತ್ತದೆ ಅಂದರೆ ಆತಂಕ, ಬೆಳೆ ಹೋದ ಸಂಕಟ ಇವೇ ಮಾತಿಗೆ ಬರುತ್ತವೆ. ಈಗಾಗಲೇ ಮಾನಸಿಕ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರ ನೆನಪು ಬರುವುದು ಕಡಿಮೆ. 2021ರ ಜೂನ್ ಕೊನೆಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬಿಸಿಲಿಗೆ 619 ಜನ ಸತ್ತರು. ದೀರ್ಘಕಾಲದ ಕಾಯಿಲೆಗಳನ್ನು ಹೋಲಿಸಿ ನೋಡಿದಾಗ ಆ ಸಾವುಗಳ ಜತೆ ಎಲ್ಲಕ್ಕಿಂತ ಗಟ್ಟಿ ನಂಟು ಕಂಡದ್ದು ಇಲ್ಲದ ದನಿ ಕೇಳಿಸುವ, ಭ್ರಮೆ ಕಾಡುವ ಮನೋರೋಗವಾದ ಸ್ಕಿಜೋಫ್ರೇನಿಯಾಕ್ಕೆ. 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯವರು ಇದನ್ನು ತಿಳಿದಿರಲೇಬೇಕು.

ಹೆಚ್ಚು ಎಚ್ಚರ ಬೇಕಾದದ್ದು ಬೈಪೋಲಾರ್ ಕಾಯಿಲೆಗೆ (ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ಕೊಡುವ ಲಿಥಿಯಂ ಮಾತ್ರೆಗೆ. ಬೆವರಿನಲ್ಲಿ ನೀರು, ಉಪ್ಪು ಹೋದಾಗ ಮೂತ್ರಪಿಂಡ ಸೋಡಿಯಂ ಉಳಿಸಿಕೊಳ್ಳಲು ನೋಡುತ್ತದೆ, ಜತೆಗೆ ಲಿಥಿಯಂ ಕೂಡ ಉಳಿದುಬಿಡುತ್ತದೆ. ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕಾದದ್ದು 1.5 ದಾಟಿದರೆ ವಿಷ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡೆಯುವಾಗ ತೂರಾಡುವುದು, ಮಾತು ತೊದಲುವುದು ಕಂಡರೆ ಮುಂದಿನ ಡೋಸ್ ಕೊಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೈಕೈ ನೋವೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿದರೂ ಲಿಥಿಯಂ ಏರುತ್ತದೆ. ಬಿಪಿ ಇದೆ ಎಂದು ದಿಢೀರನೆ ಉಪ್ಪು ಬಿಡುವುದೂ ಬೇಡ.

ಕೈಕಾಲು ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ನಿದ್ದೆಗೂ ಖಿನ್ನತೆಗೂ ಕೊಡುವ ಅಮಿಟ್ರಿಪ್ಟಿಲಿನ್ ಬೆವರನ್ನೇ ತಗ್ಗಿಸುತ್ತವೆ. ಮೈ ಕಾದರೂ ಒಣಗಿಯೇ ಇರುತ್ತದೆ. ಆಗ ಆ ವ್ಯಕ್ತಿ ಏನೇನೋ ಬಡಬಡಿಸಿದರೆ ಮನೆಯವರು "ಕಾಯಿಲೆ ಮರುಕಳಿಸಿತು" ಎಂದುಕೊಂಡು ಕೋಣೆಯಲ್ಲಿ ಮಲಗಿಸುತ್ತಾರೆ. ಜೀವ ಹೋಗುವುದು ಇಲ್ಲೇ. ಮೊದಲು ಜ್ವರ ನೋಡಿ. ಮೈ ಬಿಸಿ 40 ಡಿಗ್ರಿ ಸೆಲ್ಸಿಯಸ್ (104 ಫ್ಯಾರನ್‌ಹೀಟ್) ಮುಟ್ಟಿದ್ದರೆ 108ಕ್ಕೆ ಫೋನ್ ಮಾಡಿ, ಮೈಗೆಲ್ಲ ನೀರು ಸುರಿದು ಫ್ಯಾನ್ ಹಾಕಿ. ಪ್ರಜ್ಞೆ ಮಸುಕಾಗಿದ್ದರೆ ಬಾಯಿಗೆ ನೀರು ಹಾಕಲೇಬೇಡಿ.

ಸೆಕೆಗೆ ರಾತ್ರಿ ನಿದ್ದೆ ಕೆಟ್ಟರೆ ಬೈಪೋಲಾರ್ ಇರುವವರಲ್ಲಿ ಉನ್ಮಾದ ಕೆರಳಬಹುದು. ಎರಡು ರಾತ್ರಿ ನಿದ್ದೆಯಿಲ್ಲದೆಯೂ ಲವಲವಿಕೆಯಿಂದ ಓಡಾಡುತ್ತಿದ್ದರೆ ಕಾಯಬೇಡಿ, ವೈದ್ಯರಿಗೆ ತಿಳಿಸಿ.

ಹೆದರಿಕೊಂಡು ಮಾತ್ರೆಗಳನ್ನೆಲ್ಲ ನೀವಾಗಿಯೇ ನಿಲ್ಲಿಸಬೇಡಿ, ಅದರ ಅಪಾಯವೂ ಸಣ್ಣದಲ್ಲ. ಫೆಬ್ರವರಿಯಲ್ಲೇ ವೈದ್ಯರನ್ನು ಕಂಡು ಡೋಸ್ ಬಗ್ಗೆ ಕೇಳಿ, ಲಿಥಿಯಂ ಮಟ್ಟ ಪರೀಕ್ಷಿಸಿ. ಪರೀಕ್ಷೆಗೆ ರಕ್ತ ಕೊಡುವುದು ಕೊನೆಯ ಡೋಸ್ ಆಗಿ 12 ತಾಸು ಕಳೆದಾಗ. ಬೆಳಗಿನ ಮಾತ್ರೆ ರಕ್ತ ಕೊಟ್ಟ ಮೇಲೆಯೇ. ಮಾತ್ರೆಯ ಬಗ್ಗೆ ಅನುಮಾನ ಬಂದು ವೈದ್ಯರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.