ಲೆವೆಲ್ ಇಳಿಸಿದ್ರೆ ಮೈಲೇಜ್ ಬರಲ್ವಾ ಅಣ್ಣ?

ಬರಲ್ಲ. ಇಳಿಸಬೇಡಿ.

ಮೈಸೂರಲ್ಲಿ ಹಳೇ ಜಾವಾ ಬೈಕ್ ಇಟ್ಟುಕೊಂಡವರನ್ನೆಲ್ಲ ಸಿಗ್ನಲ್ಲಲ್ಲಿ, ಬಂಕಲ್ಲಿ, ಮದುವೆಮನೆ ಪಂಕ್ತಿಯಲ್ಲಿ ಮೊದಲು ಕೇಳೋದು "ಎಷ್ಟ್ ಕೊಡುತ್ತೆ?" ಅಂತ. ಲೀಟರಿಗೆ 30ರ ಆಸುಪಾಸು ಅಂತೀನಿ. ಕೇಳಿದವರ ಮುಖ ಸಣ್ಣಗಾಗುತ್ತೆ. ಹಿಂದೆಯೇ ಬರುತ್ತೆ: "ಕಾರ್ಬುರೇಟರಲ್ಲಿ ಪೆಟ್ರೋಲ್ ಲೆವೆಲ್ ಸ್ವಲ್ಪ ಇಳಿಸಿದ್ರೆ ಆಯ್ತಲ್ವಾ?" ಆ "ಸ್ವಲ್ಪ" ಕೇಳಿದರೇ ನನಗೆ ಮೈ ಉರಿಯುತ್ತೆ. ಎಷ್ಟು ಸ್ವಲ್ಪ? ಯಾವುದರಿಂದ ಅಳೆದ ಸ್ವಲ್ಪ?

ಕಾರ್ಬುರೇಟರ್ ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ. ಅದರ ಬಟ್ಟಲಲ್ಲಿ ಪೆಟ್ರೋಲು, ತಾನು ಚಿಮ್ಮುವ ಸಣ್ಣ ಕೊಳವೆಯ, ಅಂದರೆ ಜೆಟ್ಟಿನ, ಬಾಯಿಗಿಂತ ಚೂರು ಕೆಳಗೆ ನಿಂತಿರುತ್ತೆ. ಎಂಜಿನ್ ಗಾಳಿ ಎಳೆದಾಗ ಅಲ್ಲಿಂದ ಮೇಲೇಳುತ್ತೆ. ಬಟ್ಟಲು ತುಂಬುತ್ತಿದ್ದ ಹಾಗೆ ಅದರಲ್ಲಿ ತೇಲುವ ಫ್ಲೋಟ್ ಮೇಲೆದ್ದು, ಒಂದು ಸೂಜಿಯನ್ನು ಅದರ ಸೀಟಿಗೆ ಒತ್ತಿ ಪೆಟ್ರೋಲ್ ಬರುವ ದಾರಿ ಮುಚ್ಚುತ್ತೆ; ಮಟ್ಟ ನಿಲ್ಲೋದು ಹೀಗೆ. ಮಟ್ಟ ಏರಿದರೆ ಪೆಟ್ರೋಲು ಹೆಚ್ಚು ನುಗ್ಗಿ ಪ್ಲಗ್ ಕಪ್ಪಾಗುತ್ತೆ; ಇಳಿದರೆ ಕಮ್ಮಿ ಬರುತ್ತೆ. ಇಷ್ಟೇ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಇದು ಟೂ ಸ್ಟ್ರೋಕ್ ಗಾಡಿ. ಪಿಸ್ಟನ್ನಿಗೆ ಬೇಕಾದ ಆಯಿಲ್ಲು ಪೆಟ್ರೋಲಿನಲ್ಲೇ ಬೆರೆತು ಹೋಗಬೇಕು. ನಾನು ಲೀಟರಿಗೆ 40 ಎಂಎಲ್ ಹಾಕ್ತೀನಿ. ಪೆಟ್ರೋಲು ಕಮ್ಮಿ ಹೋದರೆ ಎಂಜಿನ್ ಹೆಚ್ಚು ಕಾಯುತ್ತೆ, ಆ ಕಾವಿನಲ್ಲೇ ಆಯಿಲ್ಲೂ ಕಮ್ಮಿ ಸಿಗುತ್ತೆ.

ಇದನ್ನು ನಾನು ಕಲಿತದ್ದು ಬಾಬುರಾಯನಕೊಪ್ಪಲಿನ ಹತ್ತಿರ, ಏಪ್ರಿಲ್ ಮಧ್ಯಾಹ್ನ. ಹಿಂದಿನ ದಿನ ಸೂಜಿ ಕೂರುವ ಸೀಟಿನಡಿ ಇನ್ನೊಂದು ಫೈಬರ್ ವಾಷರ್ ಸೇರಿಸಿದ್ದೆ, ಮೈಲೇಜಿಗೆ ಅಂತಲೇ. ಸೀಟು ಅಷ್ಟು ಕೆಳಗಿಳಿದು ಸೂಜಿ ಬೇಗ ಮುಚ್ಚಿಕೊಳ್ಳುತ್ತೆ, ಮಟ್ಟ ಇಳಿಯುತ್ತೆ. ಮಂಡ್ಯದಿಂದ ವಾಪಸ್ ಬರುವಾಗ ಗಾಡಿ ಎಂದೂ ಇಲ್ಲದಷ್ಟು ಹಗುರವಾಗಿ ಓಡಿತು. ನನಗೆ ಖುಷಿಯೋ ಖುಷಿ. ಆಮೇಲೆ ಎಂಜಿನ್ನಿನಿಂದ ಟಿಣ್ ಟಿಣ್ ಅಂತ ಸಣ್ಣ ಸದ್ದು, ಹಿಂದೆಯೇ ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ ಹಿಂದಿನ ಚಕ್ರ ನಿಂತೇ ಹೋಯ್ತು. ಕ್ಲಚ್ ಹಿಡಿದೆ, ಅದಕ್ಕೇ ಬದುಕಿದೆ. ಹಿಂದೆ ಕಬ್ಬಿನ ಲಾರಿ ಇತ್ತು.

ಬಿಚ್ಚಿ ನೋಡಿದರೆ ಪಿಸ್ಟನ್ ಮೈತುಂಬ ಉದ್ದುದ್ದ ಗೀರು, ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಪ್ಲಗ್ ತುದಿ ವಿಭೂತಿ ಹಚ್ಚಿದ ಹಾಗೆ ಬೆಳ್ಳಗಿತ್ತು. ನಮ್ಮಪ್ಪ ಆ ಪಿಸ್ಟನ್ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು, ಏನೂ ಬೈಯಲಿಲ್ಲ. ಇದೇ ಊರಿನ ಯಾದವಗಿರಿಯಲ್ಲಿ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು ಅವರು. ಅವರು ಸುಮ್ಮನಿದ್ದದ್ದೇ ನನಗೆ ಇವತ್ತಿಗೂ ಚುಚ್ಚುತ್ತೆ.

ಯಾರಾದರೂ ಒಂದು ಸಲವಾದರೂ "ಮಟ್ಟ ಸರಿಯಿದೆ ಅಂತ ಹೇಗೆ ಗೊತ್ತಾಗುತ್ತೆ?" ಅಂತ ಕೇಳಬಾರದೇ! ಕಾಫಿ ಕೊಟ್ಟು ಕೂರಿಸಿ ತೋರಿಸ್ತೀನಿ. ಹಳೇ ಬೋಲ್ಟೊಂದಕ್ಕೆ ನಡುವೆ ತೂತು ಕೊರೆಸಿ, ಆಸ್ಪತ್ರೆಯಲ್ಲಿ ಡ್ರಿಪ್ಪಿಗೆ ಹಾಕುವ ಪೈಪು ಸಿಕ್ಕಿಸಿ ಇಟ್ಟುಕೊಂಡಿದ್ದೀನಿ. ಗಾಡಿಯನ್ನು ಸಮನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಬಟ್ಟಲ ಕೆಳಗಿನ ತಿರುಪು ತೆಗೆದು ಅಲ್ಲಿಗೆ ಇದನ್ನು ಕೂರಿಸಿ, ಪೈಪನ್ನು ಬಟ್ಟಲ ಪಕ್ಕಕ್ಕೆ ನೆಟ್ಟಗೆ ಹಿಡಿದು ಪೆಟ್ರೋಲ್ ಬಿಡಬೇಕು. ಒಳಗೆ ಎಷ್ಟಿದೆಯೋ ಪೈಪಿನಲ್ಲೂ ಅಷ್ಟೇ ಎತ್ತರಕ್ಕೆ ಬಂದು ನಿಲ್ಲುತ್ತೆ.

ಮಟ್ಟ ಏರಿದ್ದರೂ ವಾಷರಿಗೆ ಕೈ ಹಾಕುವ ಮೊದಲು ಸೂಜಿಯ ತುದಿ ಸವೆದಿದೆಯಾ ನೋಡಬೇಕು. ಆಮೇಲೆ ಫ್ಲೋಟ್. ಹಿತ್ತಾಳೆ ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಗುಳುಗುಳು ಅನ್ನಬಾರದು. ಅನುಮಾನ ಬಂದರೆ ಬಿಸಿನೀರಲ್ಲಿ ಮುಳುಗಿಸಿ ಹಿಡಿಯಿರಿ. ಸಣ್ಣ ತೂತಿದ್ದರೂ ಒಳಗಿನ ಗಾಳಿ ಹಿಗ್ಗಿ, ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಏಳುತ್ತವೆ. ಒಳಗಿನ ಪೆಟ್ರೋಲೆಲ್ಲ ಪೂರ್ತಿ ಆರಿದ ಮೇಲೆ ಆ ಜಾಗಕ್ಕೆ ಬೆಸುಗೆ. ಬೆಸುಗೆಯ ಭಾರಕ್ಕೆ ಫ್ಲೋಟು ಕೊಂಚ ತಗ್ಗುತ್ತೆ, ಸೂಜಿ ತಡವಾಗಿ ಮುಚ್ಚುತ್ತೆ, ಮಟ್ಟ ಏರುತ್ತೆ. ಪೈಪಿನಲ್ಲಿ ಆ ಏರಿಕೆ ಕಣ್ಣಿಗೆ ಕಂಡರೆ ಮಾತ್ರ, ಅವತ್ತು ಪಿಸ್ಟನ್ ತಿಂದ ವಾಷರಿನಂಥದ್ದೇ ಒಂದನ್ನು ತೆಗೆದು ಸೀಟಿನಡಿ ಹಾಕ್ತೀನಿ.