ಇಂಟರ್ನ್‌ಶಿಪ್ಪಿಗೆ ಬೆಂಗಳೂರಿಗೇ ಹೋಗಬೇಕೆ?

ಸಿವಿಲ್ ಎಂಜಿನಿಯರಿಂಗ್‌ನ ಕೊನೆಯ ಸೆಮಿಸ್ಟರನ್ನು ಬೆಂಗಳೂರಿನ ಮಣ್ಣು ಪರೀಕ್ಷಾ ಸಂಸ್ಥೆಯೊಂದರಲ್ಲಿ ಇಂಟರ್ನ್ ಆಗಿ ಮುಗಿಸಿ ಬಂದ ಮೇಲೆ, ನಮ್ಮ ಕೊಡಗಿನ ಕುಶಾಲನಗರ ಮತ್ತು ಪೊನ್ನಂಪೇಟೆಯ ಕಾಲೇಜುಗಳಲ್ಲಿ ಓದುತ್ತಿರುವ ತಮ್ಮಂದಿರೂ ತಂಗಿಯರೂ ಅವರ ಅಪ್ಪ ಅಮ್ಮಂದಿರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಅಕ್ಕಾ, ಈಗ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಇಂಟರ್ನ್‌ಶಿಪ್ ಮಾಡಬಹುದಲ್ಲ, ಅಷ್ಟು ಖರ್ಚು ಮಾಡಿಕೊಂಡು ಬೆಂಗಳೂರಿಗೇ ಹೋಗಬೇಕಾ?" ಕಲಿಯಬೇಕಾದ ಕೆಲಸ ಕೈಯಿಂದ ಮಾಡಿಯೇ ಕಲಿಯುವಂಥದ್ದಾಗಿದ್ದರೆ ಹೋಗಲೇಬೇಕು ಎಂಬುದು ನನ್ನ ಉತ್ತರ.

ನನ್ನ ವಿಷಯದಲ್ಲಿ ಅದು ಮಣ್ಣು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ ನಾನು ಶಾಲೆಯಲ್ಲಿದ್ದೆ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿದು ಅರ್ಚಕರ ಕುಟುಂಬದ ಮನೆಗಳು ಮಣ್ಣಿನಡಿ ಸೇರಿದವು. ಮಣ್ಣಿನ ಕಣಗಳ ನಡುವಿನ ಜಾಗದಲ್ಲಿ ನೀರು ತುಂಬಿಕೊಂಡರೆ ಅದರ ಒತ್ತಡದಿಂದ ಕಣಗಳ ಪರಸ್ಪರ ಹಿಡಿತ ಸಡಿಲವಾಗುತ್ತದೆ ಎಂದು ತರಗತಿಯಲ್ಲಿ ಕಲಿತು ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಆ ಹಿಡಿತವನ್ನು ಅಳೆಯುವುದು ಹೇಗೆಂದು ನನ್ನ ಕಣ್ಣಿಗೆ ಬಿದ್ದದ್ದು ಬೆಂಗಳೂರಿನಲ್ಲಿ.

ಮೊದಲು ಕಳಿಸಿದ್ದು ಊರ ಹೊರಗಿನ ಒಂದು ಅಪಾರ್ಟ್‌ಮೆಂಟ್ ಸೈಟಿಗೆ. ಮೂರು ಕಾಲಿನ ಕಬ್ಬಿಣದ ಚೌಕಟ್ಟಿನಿಂದ 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತಿ, ಕುಳಿಯೊಳಗಿನ ಕೊಳವೆಗೆ ಜೋಡಿಸಿದ ಸರಳಿನ ಮೇಲೆ ಬಿಡುತ್ತಾರೆ. ಕೊಳವೆ ಮಣ್ಣಿನೊಳಗೆ 45 ಸೆಂಟಿಮೀಟರ್ ಇಳಿಯುವವರೆಗೆ, ಪ್ರತಿ 15 ಸೆಂಟಿಮೀಟರಿಗೆ ಎಷ್ಟು ಪೆಟ್ಟು ಬಿತ್ತೆಂದು ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಮೊದಲ 15ರ ಲೆಕ್ಕವನ್ನು ಬಿಟ್ಟು ಉಳಿದೆರಡನ್ನು ಕೂಡಿಸಿದರೆ ಬರುವ ಸಂಖ್ಯೆಯೇ ಆ ಆಳದ ಮಣ್ಣಿನ ಗಟ್ಟಿತನದ ಅಳತೆ. ಪುಸ್ತಕದಲ್ಲಿ ಇದು ಅರ್ಧ ಪುಟ. ಸೈಟಿನಲ್ಲಿ ಮಾತ್ರ, ಕೊರೆಯುವ ಮೇಸ್ತ್ರಿ ಪೆಟ್ಟಿನ ಸದ್ದು ಬದಲಾದೊಡನೆ "ಬರ್ಕೊಳ್ಳಮ್ಮ, ಕೆಳಗೆ ಬೇರೆ ಮಣ್ಣು ಬಂತು" ಎನ್ನುತ್ತಿದ್ದರು, ಕೊಳವೆಯನ್ನು ಮೇಲೆತ್ತಿ ಎರಡು ಸೀಳಾಗಿ ಬಿಚ್ಚಿದಾಗ ಕೆಂಪು ಜೇಡಿ ಮುಗಿದು ಹರಳು ಹರಳಾದ ಬಿಳಿಚು ಮಣ್ಣು ಶುರುವಾಗಿರುತ್ತಿತ್ತು. ಆ ಕಿವಿಯನ್ನು ಯಾವ ವಿಡಿಯೋ ಪಾಠವೂ ನನಗೆ ಕೊಡುತ್ತಿರಲಿಲ್ಲ. ಲ್ಯಾಬಿನಲ್ಲಿ 6 ಸೆಂಟಿಮೀಟರ್ ಉದ್ದಗಲದ ಪೆಟ್ಟಿಗೆಯಲ್ಲಿ ಮಣ್ಣನ್ನು ತುಂಬಿ ಅಡ್ಡಕ್ಕೆ ತಳ್ಳಿ ಸೀಳಿಸುವ ಪರೀಕ್ಷೆಯನ್ನು ಒಂದೇ ಮಣ್ಣಿಗೆ ಒಣಗಿದ್ದಾಗಲೂ ನೆನೆಸಿದ ಮೇಲೂ ಮಾಡಿಸಿದರು. ನೆನೆದ ಮಣ್ಣು ಎಷ್ಟು ಬೇಗ ಸೋತಿತೆಂದರೆ, ನಮ್ಮ ಕಡೆ ರಸ್ತೆಗೆಂದು, ಮನೆಗೆಂದು ಗುಡ್ಡದ ಬುಡವನ್ನು ನೆಟ್ಟಗೆ ಕಡಿಯುವುದನ್ನು ಅಂದಿನಿಂದ ಸುಮ್ಮನೆ ನೋಡಿಕೊಂಡು ಹೋಗಲು ನನ್ನಿಂದ ಆಗುತ್ತಿಲ್ಲ.

ಓದಿನ ಕಥೆ ಏನು ಎಂದು ಕೇಳುವವರಿಗೆ: ಇಂಟರ್ನ್‌ಶಿಪ್ ಜೊತೆಗೆ ನಮಗೆ ಎನ್‌ಪಿಟೆಲ್ ಎಂಬ, ಐಐಟಿಯಂಥ ಸಂಸ್ಥೆಗಳು ನಡೆಸುವ ಆನ್‌ಲೈನ್ ಕೋರ್ಸುಗಳಿದ್ದವು. ಅಲ್ಲಿ ವಾರ ವಾರದ ಅಸೈನ್‌ಮೆಂಟುಗಳಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಹನ್ನೆರಡು ವಾರದ ಕೋರ್ಸಿನಲ್ಲಿ ಚೆನ್ನಾಗಿ ಮಾಡಿದ ಎಂಟು ಅಸೈನ್‌ಮೆಂಟುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದರಿಂದ, ಸೈಟಿನಲ್ಲಿ ಕತ್ತಲಾಗುವವರೆಗೆ ನಿಲ್ಲಬೇಕಾದ ವಾರಗಳಲ್ಲೂ ಎದೆಗುಂದಬೇಕಾಗಿಲ್ಲ. ಭಾನುವಾರ ಬೆಳಿಗ್ಗೆಯನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ.

ಖರ್ಚಿನ ಭಯ ದೊಡ್ಡದು, ಅದು ನಿಜವೂ ಹೌದು. ನಮ್ಮ ಜಿಲ್ಲೆಗೆ ರೈಲೇ ಇಲ್ಲ, ಬಸ್ಸೇ ಗತಿ. ಆದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಕ್ಕಳಿಗೆ ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಿನಲ್ಲಿ ಮಡಿಕೇರಿಯಿಂದ ಬೆಂಗಳೂರಿಗೂ ಟಿಕೆಟ್ ದುಡ್ಡಿಲ್ಲ, ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲೂ ಇಲ್ಲ. ರಾಜಹಂಸಕ್ಕೆ, ಮೆಟ್ರೋಗೆ ಇದು ಅನ್ವಯಿಸುವುದಿಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿ ಗರಿಷ್ಠ 90 ರೂಪಾಯಿ ಆದಾಗ, ದಿನಾ ಹೋಗಿ ಬರುವುದಕ್ಕೇ ತಿಂಗಳಿಗೆ ಎಷ್ಟಾಗುತ್ತದೆಂದು ಕೂತು ಲೆಕ್ಕ ಹಾಕಿದೆ. ಆದ್ದರಿಂದ ಬಾಡಿಗೆ ತುಸು ಹೆಚ್ಚಾದರೂ ಆಫೀಸಿಗೆ ಹತ್ತಿರದ ಪಿಜಿಯನ್ನೇ ಹಿಡಿಯಿರಿ ಎನ್ನುತ್ತೇನೆ. ಉಳಿಯುವ ಎರಡು ತಾಸು ಓದಿಗೆ ಸಿಗುತ್ತದೆ. ಅಡ್ವಾನ್ಸ್ ಕೊಡುವಾಗ ಬಿಡುವ ದಿನ ಎಷ್ಟು ಮುರಿದುಕೊಳ್ಳುತ್ತಾರೆಂದು ಬರೆಸಿಕೊಳ್ಳಿ. ರೊಬಸ್ಟಾ ಕಾಫಿ ಕೊಯ್ಲಿನ ಸಮಯವಾದ್ದರಿಂದ ನನ್ನ ಜೊತೆ ಬರಲು ಮನೆಯಲ್ಲಿ ಯಾರಿಗೂ ಬಿಡುವಿರಲಿಲ್ಲ. ನಿಮಗೂ ಹಾಗೇ ಆಗಬಹುದು.

ಇಂಟರ್ನ್‌ಶಿಪ್ಪಿಗೆಂದು ನಿಮ್ಮಿಂದಲೇ ಶುಲ್ಕ ಕೇಳುವ ಕಡೆಗೆ ಮಾತ್ರ ಹೋಗಬೇಡಿ, ಅಲ್ಲಿ ಸಿಗುವುದು ಬರೀ ಸರ್ಟಿಫಿಕೇಟು; ಅಷ್ಟಕ್ಕಾದರೆ ಊರು ಬಿಡುವ ಅಗತ್ಯವಿಲ್ಲ. ಒಪ್ಪಿಕೊಳ್ಳುವ ಮೊದಲು ಫೋನ್ ಮಾಡಿ, ನನ್ನನ್ನು ಯಾರ ಕೈಕೆಳಗೆ ಹಾಕುತ್ತೀರಿ, ಸೈಟಿಗೆ ಕರೆದುಕೊಂಡು ಹೋಗುತ್ತೀರಾ, ಪರೀಕ್ಷೆಗಳನ್ನು ನಾನೇ ಮಾಡಲು ಬಿಡುತ್ತೀರಾ ಎಂದು ಕೇಳಿ. ನೇರವಾದ ಉತ್ತರ ಬಂದರೆ ಬಸ್ಸು ಹತ್ತಿ.