"ಯಾರೂ ಒಯ್ದಿಲ್ರೀ, ನಾನ ಹೋಗಿದ್ದೆ"

ವಿಜಯಪುರದಲ್ಲಿ ಮಕ್ಕಳ ರಕ್ಷಣೆಯ ಕಚೇರಿಯೊಂದರಲ್ಲಿ ಪ್ರಕರಣಗಳ ಅಂಕಿಸಂಖ್ಯೆಯ ತಖ್ತೆ ತಯಾರಿಸುವುದು ನನ್ನ ಕೆಲಸ. ಸೇರಿದ ಮೊದಲ ವರ್ಷ, 'ಮಕ್ಕಳ ಅಪಹರಣ ಹೆಚ್ಚುತ್ತಿದೆ, ಅಪರಿಚಿತರ ಬಗ್ಗೆ ಶಾಲೆಗಳಲ್ಲಿ ಎಚ್ಚರಿಸಬೇಕು' ಎಂದು ಟಿಪ್ಪಣಿ ಬರೆದಿದ್ದೆ. ಹಿರಿಯ ಸಮಾಲೋಚಕಿ ಓದಿ, "ತಮ್ಮಾ, ಎಷ್ಟ ಫೈಲ್ ತಗದ ನೋಡೀದಿ?" ಅಂದರು. ಒಂದನ್ನೂ ನೋಡಿರಲಿಲ್ಲ.

ಮೂರು ದಿನ ಕೂತು ಓದಿದೆ. ಒಂದು ಫೈಲಿನಲ್ಲಿ ಮಗಳು ಕಾಣೆಯಾಗಿದ್ದಾಳೆಂದು ತಂದೆಯ ದೂರು, ಅಪರಿಚಿತರ ಮೇಲೆ ಅಪಹರಣದ ಎಫ್‌ಐಆರ್. ನಾಲ್ಕು ಹಾಳೆ ಆದಮೇಲೆ ಹುಡುಗಿಯ ಹೇಳಿಕೆ: "ನನ್ನ ಯಾರೂ ಒಯ್ದಿಲ್ರೀ, ನಾನ ಹೋಗಿದ್ದೆ. ಲಗ್ನಾ ಗಟ್ಟಿ ಮಾಡಿದ್ರು." ವಯಸ್ಸು ಹದಿನೈದು. ಸೊಲ್ಲಾಪುರದ ಬಸ್ಸು ಹತ್ತಿದಾಗ ಚೀಲದಲ್ಲಿ ಒಂದು ಜೊತೆ ಬಟ್ಟೆ, ಒಂಬತ್ತನೇ ಇಯತ್ತೆಯ ಮಾರ್ಕ್ಸ್ ಕಾರ್ಡ್. ನನ್ನ ತಖ್ತೆಯಲ್ಲಿ ಆಕೆ 'ಅಪಹರಣ: 1'. ಲಗ್ನ ಆಗಲಿಲ್ಲವಲ್ಲ, ಹಾಗಾಗಿ ಬಾಲ್ಯವಿವಾಹದ ಕಾಲಂನಲ್ಲಿ ಆ ಮಗುವಿನ ಸುಳಿವೇ ಇಲ್ಲ.

ಕಾಣೆಯಾದ ಮಗುವಿನ ದೂರು ಬಂದರೆ ಅಪಹರಣ ಇಲ್ಲವೇ ಕಳ್ಳಸಾಗಣೆ ಎಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಹಳ ಒಳ್ಳೆಯ ಆದೇಶ. ಹುಡುಕಾಟ ಆ ದಿನವೇ ಶುರುವಾಗುತ್ತದೆ. ಆದರೆ ಅಂಕಿ ಓದುವವರಿಗೆ ಇದು ಗೊತ್ತಿರಲೇಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಮಕ್ಕಳ ಮೇಲಿನ ಅಪರಾಧ ಪ್ರಕರಣಗಳು 1,62,449. ಅದರಲ್ಲಿ ಶೇ 45.7 ಅಪಹರಣ. ಆ ಅರ್ಧದಷ್ಟರೊಳಗೆ ಇಂಥ ಬಸ್ಸು ಹತ್ತಿದ ಮಕ್ಕಳೂ ಇದ್ದಾರೆ. ಇನ್ನು ಅಪರಿಚಿತರ ಮಾತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಅತ್ಯಾಚಾರ ಪ್ರಕರಣಗಳಲ್ಲಿ ಶೇ 96ಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಗೊತ್ತಿದ್ದವರೇ. ನಾನು ಬರೆದ ಎಚ್ಚರಿಕೆ ಮಕ್ಕಳನ್ನು ತಪ್ಪು ದಿಕ್ಕಿಗೆ ನೋಡಿಸುತ್ತಿತ್ತು. ಇದು ನನಗೆ ಇವತ್ತಿಗೂ ಚುಚ್ಚುತ್ತದೆ.

ಮತ್ತೊಂದು ಫೈಲು. ಹದಿನಾರರ ಹುಡುಗಿ, ಹದಿನೇಳರ ಹುಡುಗ, ಇಬ್ಬರೂ ಕೂಡಿಯೇ ಮನೆ ಬಿಟ್ಟವರು. ಹದಿನೆಂಟರೊಳಗಿನ ಒಪ್ಪಿಗೆಯನ್ನು ಪೋಕ್ಸೊ ಒಪ್ಪುವುದಿಲ್ಲ. ಆಕೆ ಸಂತ್ರಸ್ತರ ಪಟ್ಟಿಗೆ, ಆತ ಬಾಲನ್ಯಾಯ ಮಂಡಳಿಗೆ. ಒಂದೇ ಘಟನೆ, ಸಂತ್ರಸ್ತ ಮಕ್ಕಳದು, ಆರೋಪಿ ಮಕ್ಕಳದು, ಎರಡೂ ತಖ್ತೆಯಲ್ಲಿ ಏರಿಕೆ. ನಾನೋ ಎರಡನ್ನೂ ಬೇರೆ ಬೇರೆ ಪಿಡುಗು ಎಂದು ಎರಡು ಪ್ಯಾರಾ ಬರೆದಿದ್ದೆ!

ಈಗ ಅಪಹರಣದ ಕಾಲಂ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಹೆಚ್ಚಿಗೆ ಎಳೆದುಕೊಳ್ಳುತ್ತೇನೆ: ಮಗು ಯಾಕೆ ಹೋಯಿತು? ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ. ಲಗ್ನ, ಫೇಲಾದದ್ದು, ಮನೆಯ ಹೊಡೆತ ಎಂದು ಬರೆಯುತ್ತ ಹೋದೆ. 'ಲಗ್ನ' ಎಂದು ಬಿದ್ದ ಊರುಗಳ ಹೈಸ್ಕೂಲಿಗೆ ಈ ವರ್ಷ ಬೇಸಿಗೆ ರಜೆಗೆ ಮೊದಲೇ, ಲಗ್ನಗಳು ಹೆಚ್ಚು ನಡೆಯುವ ಅಕ್ಷಯ ತದಿಗೆ ಬರುವ ಮುಂಚೆ, ಸಮಾಲೋಚಕಿ ಮತ್ತು ನಾನು ಹೋಗಿ ಕರಿಹಲಗೆಯ ಮೇಲೆ ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ಎಂದು ದೊಡ್ಡದಾಗಿ ಬರೆದು ಬಂದೆವು.